ಬಿಟ್ಟು ಓದಿದ ಪುಟಗಳು

ಬೀದಿಯವರಿಗೆಲ್ಲ ಅವರು ಛತ್ರಿ ಮಾಮ. ಈ ಹೆಸರು ಅವರ ಹೆಂಡತಿಗೆ ಮದುವೆಯಾದಂದಿನಿಂದ ಹಿಡಿಸಿದ್ದೇ ಇಲ್ಲ. "ಛತ್ರಿ ಅಂದ್ರೆ ಜನ ಏನಂದ್ಕೋತಾರೆ ಅಂತ ಗೊತ್ತಿಲ್ವಾ ನಿಮಗೆ? ಹೊಸಬರು ಕೇಳಿದ್ರೆ ಈ ಮನುಷ್ಯ ಎಷ್ಟು ಜನರ ತಲೆಗೆ ಟೋಪಿ ಹಾಕಿದಾನೋ ಅಂತಾರೆ" ಎಂದು ಆಕೆ ಗೊಣಗುತ್ತಿದ್ದರು. ಹೆಸರಿಗೆ ಕಾರಣವಾದದ್ದು ಟೋಪಿಯೂ ಅಲ್ಲ, ಮಳೆಗೆ ಹಿಡಿಯುವ ಛತ್ರಿಯೂ ಅಲ್ಲ. ಹರೆಯದಲ್ಲಿ ಮಾಮ ಐದು ವರ್ಷ ವಾಯುಪಡೆಯ ನೆಲೆಯೊಂದರಲ್ಲಿ ಪ್ಯಾರಾಚೂಟ್ ಮಡಚುವ ಕೆಲಸದಲ್ಲಿದ್ದರು. ಅಲ್ಲಿಯ ಪೈಲಟ್‌ಗಳು ತಮಾಷೆಗೆ ಇಟ್ಟ ಹೆಸರು ಸಮವಸ್ತ್ರ ಬಿಚ್ಚಿಟ್ಟ ಮೇಲೂ ಬೆನ್ನು ಬಿಡದೆ ಬಂದಿತ್ತು.

ಆ ಐದು ವರ್ಷ ಬಿಟ್ಟರೆ ಉಳಿದ ಆಯುಷ್ಯವೆಲ್ಲ ಕಳೆದದ್ದು ಲಾರಿಗಳ ಟಾರ್ಪಾಲು ಹೊಲಿಯುವ ಕಾರ್ಖಾನೆಯಲ್ಲಿ. ಮೂವತ್ತೊಂದು ವರ್ಷ ಅದೇ ಹೊಲಿಗೆ ಯಂತ್ರ, ಅದೇ ಕಿಟಕಿ. ಈಗ ಅರವತ್ತೇಳು. ಬೆನ್ನು ನೆಟ್ಟಗಿದೆ, ಕೈಬೆರಳುಗಳು ಮಾತ್ರ ದಪ್ಪ ದಾರ ಎಳೆದೆಳೆದು ಸ್ವಲ್ಪ ಸೊಟ್ಟಗಾಗಿವೆ. ಮಗಳು ಮದುವೆಯಾಗಿ ನಾಲ್ಕು ಬೀದಿ ಆಚೆ ಇದ್ದಾಳೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಜೊತೆಗೆ ಪುಸ್ತಕಗಳು.

ಪಡಸಾಲೆಯ ಗೋಡೆಗೆ ತಾವೇ ಹೊಡೆದ ಎರಡು ಹಲಗೆಗಳ ಮೇಲೆ ಅರವತ್ತೆಂಟು ಪುಸ್ತಕಗಳಿದ್ದವು. ನೆಲದ ಮೇಲೆ ನಡೆಯುವ ಕಥೆ ಅದರಲ್ಲಿ ಒಂದೂ ಇಲ್ಲ ಎಂಬುದು ಹೆಂಡತಿಯ ದೂರು. ಬೆಟ್ಟಸಾಲಿನ ಮೇಲೆ ಅಂಚೆ ಚೀಲ ಹೊತ್ತು ಹಾರಿದವರ ನೆನಪುಗಳು, ಯುದ್ಧಕಾಲದಲ್ಲಿ ಹೊಸ ವಿಮಾನಗಳನ್ನು ಕಾರ್ಖಾನೆಯಿಂದ ನೆಲೆಗೆ ತಲುಪಿಸುತ್ತಿದ್ದ ಹೆಂಗಸರ ಡೈರಿಗಳು, ಮೊದಲ ಸಲ ಆಕಾಶಕ್ಕೇರುವ ವಿಮಾನವನ್ನು ಪರೀಕ್ಷೆ ಮಾಡಿ ನೋಡುವವರ ಆತ್ಮಕಥೆಗಳು, ಫೈಟರ್ ದಳಗಳ ಇತಿಹಾಸ. ಮಾಮನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಬಾಂಬರ್ ವಿಮಾನದ ಹಿಂಬದಿಯಲ್ಲಿ ಕೂತು ರೇಡಿಯೊ ನೋಡಿಕೊಳ್ಳುತ್ತಿದ್ದ ಒಬ್ಬಾತ ತನ್ನ ತಂಗಿಗೆ ಬರೆದ ಕಾಗದಗಳ ಕಟ್ಟು. "ಪಾದ ಮರಗಟ್ಟಿ ಹೋಯ್ತು ಅಂತ ನಾಲ್ಕು ಕಾಗದದಲ್ಲಿ ಬರೆದಿದ್ದಾನೆ ನೋಡು. ಇಂಥವನು ಸುಳ್ಳು ಹೇಳಲ್ಲ" ಎನ್ನುತ್ತಿದ್ದರು. ಯುದ್ಧವನ್ನು ತಾನೊಬ್ಬನೇ ಗೆದ್ದೆ ಎಂಬ ಹಾಗೆ ಬರೆಯುವ ಪೈಲಟ್‌ಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಎಂಜಿನ್ನಿಗೆ ಎಣ್ಣೆ ಹಾಕಿದವನ ಸುದ್ದಿ ಮೊದಲ ಹತ್ತು ಪುಟದೊಳಗೆ ಬರದಿದ್ದರೆ ಆ ಪುಸ್ತಕ ಕೆಳಗಿನ ಹಲಗೆಗೆ ಹೋಗುತ್ತಿತ್ತು.

ಬಸ್ ಡಿಪೋ ಹಿಂದಿನ ಗ್ರಂಥಾಲಯದಲ್ಲಿ ಕೆಲಸ ಮಾಡುವ ಹುಡುಗಿಗೆ ಇದೆಲ್ಲ ಗೊತ್ತಿತ್ತು. ವಿಮಾನದ ಚಿತ್ರವಿರುವ ರಟ್ಟು ಯಾವುದೇ ಬಂದರೂ ಅವಳು ಮಾಮನಿಗೆಂದು ತೆಗೆದಿಡುತ್ತಿದ್ದಳು. ಒಂದು ದಿನ ಅವಳೇ ಕೇಳಿದಳು: "ಮಾಮ, ನಿಮ್ಮಿಂದ ಒಂದು ಉಪಕಾರ ಆಗಬೇಕಲ್ಲ. ನಮ್ಮ ಹಳೇ ಓದುಗರೊಬ್ಬರಿದ್ದಾರೆ, ಶಾಲೇಲಿ ಭಾಷೆ ಕಲಿಸ್ತಿದ್ದ ಟೀಚರಮ್ಮ. ಈಗ ಕಣ್ಣು ಪೂರ್ತಿ ಹೋಗಿದೆ. ವಾರಕ್ಕೆರಡು ಮಧ್ಯಾಹ್ನ ಹೋಗಿ ಏನಾದ್ರೂ ಓದಿ ಹೇಳ್ತೀರಾ?"

"ನನಗೆ ವಿಮಾನದ ಪುಸ್ತಕ ಬಿಟ್ಟು ಬೇರೆ ಓದಿ ರೂಢಿ ಇಲ್ವಲ್ಲಮ್ಮ."

"ಅದನ್ನೇ ಓದಿ. ಅವರಿಗೆ ಬೇಕಿರೋದು ಒಂದು ದನಿ."

ಹೀಗೆ ಶುರುವಾಯಿತು. ಟೀಚರಮ್ಮನಿಗೆ ಎಪ್ಪತ್ತಾರು. ಮದುವೆಯಾಗಿರಲಿಲ್ಲ. ಗ್ರಂಥಾಲಯದ ಎದುರಿನ ಕಟ್ಟಡದ ನೆಲಮಹಡಿಯಲ್ಲಿ ಒಬ್ಬರೇ ಇದ್ದರು. ಮುಂದಿನ ಕೋಣೆಯಲ್ಲಿ ಎರಡು ಬೆತ್ತದ ಕುರ್ಚಿ, ಒಂದು ಮೇಜು, ಗೋಡೆಯುದ್ದಕ್ಕೂ ತಾವು ಇನ್ನು ಓದಲಾಗದ ಪುಸ್ತಕಗಳು. ಮೊದಲ ದಿನ ಮಾಮ ಗಂಟಲು ಸರಿಮಾಡಿಕೊಂಡು ಅಂಚೆ ವಿಮಾನದ ಪುಸ್ತಕ ಓದಿದರು. ಟೀಚರಮ್ಮ ಕೈಕಟ್ಟಿ ಕೂತು ಕೇಳಿದರು. ಕೊನೆಗೆ, "ಅಲ್ಪವಿರಾಮಕ್ಕೂ ಪೂರ್ಣವಿರಾಮಕ್ಕೂ ನೀವು ಒಂದೇ ಥರ ನಿಲ್ತೀರಿ. ಆದ್ರೂ ಪರವಾಗಿಲ್ಲ, ಗುರುವಾರ ಬನ್ನಿ" ಎಂದರು.

ನಾಲ್ಕು ತಿಂಗಳು ಈ ಓದು ಸುಸೂತ್ರವಾಗಿ ನಡೆಯಿತು. ಟೀಚರಮ್ಮ ಮೋಡಗಳಲ್ಲಿ ಬಗೆ ಎಷ್ಟೆಂದು ಕೇಳಿ ತಿಳಿದುಕೊಂಡರು. ಫೈಟರ್ ದಳದ ಗದ್ದಲದ ಕಥೆಗಳಿಗಿಂತ ವಿಮಾನ ತಲುಪಿಸುವ ಹೆಂಗಸರ ಡೈರಿ ಅವರಿಗೆ ಹಿಡಿಸಿತು. ಅದನ್ನು ಎರಡು ಸಲ ಓದಿಸಿಕೊಂಡರು. ಮಾಮನೂ ಅಲ್ಪವಿರಾಮ ಕಲಿತರು.

ಒಂದು ಗುರುವಾರ ಓದುತ್ತಿದ್ದದ್ದು ಒಬ್ಬ ಫೈಟರ್ ಪೈಲಟ್‌ನ ನೆನಪುಗಳು. ಟೀಚರಮ್ಮ ಕೈಯೆತ್ತಿದರು.

"ಸ್ವಲ್ಪ ನಿಲ್ಲಿ. ಈಗ ತಾನೆ ಇವನ ಎಂಜಿನ್ನಿಗೆ ಬೆಂಕಿ ಹತ್ತಿತ್ತು. ಅಷ್ಟರಲ್ಲೇ ಆಸ್ಪತ್ರೆ ಮಂಚದ ಮೇಲೆ ಮಲಗಿ ನರ್ಸಿನ ಹತ್ರ ಕನ್ನಡಿ ಕೇಳ್ತಿದ್ದಾನಲ್ಲ. ಮಧ್ಯೆ ಏನಾಯ್ತು?"

"ಪುಟ ಹರಿದು ಹೋಗಿದೆ ಟೀಚರ್. ಹಳೇ ಪುಸ್ತಕ."

"ಹೋದ ತಿಂಗಳು ಆ ಪರೀಕ್ಷಾ ಪೈಲಟ್‌ನ ಪುಸ್ತಕದಲ್ಲೂ ಹೀಗೇ ಆಯ್ತು. ಬಾಗಿಲು ಒದ್ದು ಹೊರಗೆ ಬಂದ, ನೆಟ್ಟಗೆ ಮನೆಗೆ ಬಂದು ನಾಯಿಗೆ ಸ್ನಾನ ಮಾಡಿಸಿದ. ಅದಕ್ಕೂ ಮುಂಚೆ ವಿಮಾನ ತಲುಪಿಸೋ ಆ ಹುಡುಗಿ ಡೈರೀಲೂ ಹೀಗೇ. ಆಗಲೂ ಪುಟ ಹರಿದಿತ್ತಾ?" ಟೀಚರಮ್ಮ ಕೈ ಚಾಚಿ ಪುಸ್ತಕ ಇಸಿದುಕೊಂಡರು. ಬೆರಳಿನಿಂದ ಹಾಳೆಗಳ ಬುಡವನ್ನು ಸವರುತ್ತ ಹೋದರು. "ಒಂದೂ ಹರಿದಿಲ್ಲ. ಮೂವತ್ತೆಂಟು ವರ್ಷ ಮಕ್ಕಳ ಸುಳ್ಳು ಕೇಳಿ ಪಳಗಿದ ಕಿವಿ ಇದು. ಪ್ಯಾರಾಚೂಟ್ ಬಂದಾಗೆಲ್ಲ ನೀವು ಪುಟ ಹಾರಿಸ್ತೀರಿ. ಯಾಕೆ?"

ಮಾಮ ಕಿಟಕಿಯ ಕಡೆ ತಿರುಗಿದರು. ಹೊರಗೆ ಬಸ್ಸೊಂದು ಹಿಂದಕ್ಕೆ ಸರಿಯುತ್ತಿತ್ತು, ಕಂಡಕ್ಟರ್ ಬಾಗಿಲು ಬಡಿಯುತ್ತಿದ್ದ. ಎದ್ದು ಹೋಗಿಬಿಡೋಣ ಎಂದುಕೊಂಡರು. ಆದರೆ ಎದುರಿಗೆ ಕೂತ ಮುಖಕ್ಕೆ ತಮ್ಮ ಮುಖ ಕಾಣುವುದಿಲ್ಲ ಎಂಬುದು ಹೊಳೆದಾಗ ಮನಸ್ಸು ಏನೋ ಒಂದು ಥರ ಹಗುರಾಯಿತು. ನಲವತ್ತೊಂದು ವರ್ಷ ಒಳಗೇ ಇಟ್ಟುಕೊಂಡಿದ್ದನ್ನು ಆ ಬೆತ್ತದ ಕುರ್ಚಿಯ ಮೇಲೆ ಕೂತು ಹೇಳತೊಡಗಿದರು.

ಪ್ಯಾರಾಚೂಟ್ ಕೋಣೆ ಉದ್ದನೆಯ ಕೋಣೆ. ನಡುವೆ ಕೋಣೆಯಷ್ಟೇ ಉದ್ದದ ಮೇಜು. ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಪಟ್ಟಿ ಪಟ್ಟಿಯಾಗಿ ಮಡಚುತ್ತ ಹೋಗಬೇಕು. ಮಡಿಕೆ ಜಾರದಂತೆ ಅದರ ಮೇಲೆ ಸೀಸದ ಗುಂಡು ತುಂಬಿದ ಅಂಗೈಯಗಲದ ಚೀಲಗಳನ್ನು ಇಡುತ್ತಾರೆ. ಅಂಥವು ಆರು. ಮಡಚಿದ ಮೇಲೆ ಆರನ್ನೂ ಎತ್ತಿ ಗೋಡೆಯ ಆರು ಕೊಕ್ಕೆಗಳಿಗೆ ನೇತುಹಾಕಿ, ಎಣಿಸಿ, ಆಮೇಲೆ ಪ್ಯಾರಾಚೂಟಿನ ಹೊರಚೀಲದ ಬಾಯಿ ಕಟ್ಟಿ, ಚೀಟಿಗೆ ಸಹಿ ಹಾಕಬೇಕು. ಸೀಸದ ಒಂದು ಚೀಲ ಒಳಗೆ ಉಳಿದರೆ ಬಟ್ಟೆ ಬಿಚ್ಚಿಕೊಳ್ಳುವಾಗ ಹರಿಯಬಹುದು, ಹಗ್ಗ ಸಿಕ್ಕುಬೀಳಬಹುದು, ಬಿಚ್ಚಿಕೊಳ್ಳದೆಯೇ ಹೋಗಬಹುದು.

ಆಗ ಯುದ್ಧ ನಡೆಯುತ್ತಿತ್ತು. ಒಂದು ಸಂಜೆ ಮಾಮ ನಾಲ್ಕನೆಯ ಪ್ಯಾರಾಚೂಟ್ ಮಡಚುತ್ತಿದ್ದಾಗ ಸೈರನ್ ಕೂಗಿತು. ಎಲ್ಲ ಬಿಟ್ಟು ಹೊರಗಿನ ಕಂದಕಕ್ಕೆ ಓಡಿದರು. ಅರ್ಧ ಗಂಟೆ ಬಿಟ್ಟು ಬಂದು ಕೆಲಸ ಮುಗಿಸಿದರು. ಸಹಿ ಹಾಕುವ ಮುಂಚೆ ಎಣಿಸಿದ್ದರೋ ಇಲ್ಲವೋ ಎಂಬುದು ಆಮೇಲೆ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಬೆಳಗ್ಗೆ ದಳ ಗಡಿಯ ಹತ್ತಿರದ ನೆಲೆಗೆ ಹೊರಡುವ ಗಡಿಬಿಡಿ. ನಾಲ್ಕನೆಯದನ್ನು ಒಯ್ಯಲು ಬಂದವರು ಸಿಳ್ಳೆ ಸಾಹೇಬರು. ಸದಾ ಸಿಳ್ಳೆ ಹಾಕುತ್ತ ನಡೆಯುತ್ತಿದ್ದ ಯುವ ಅಧಿಕಾರಿ. ಬಂದಾಗಲೆಲ್ಲ ಕೇಳುತ್ತಿದ್ದ ಹಾಗೆ, "ಏನಪ್ಪಾ ಛತ್ರಿ, ತೆರೆಯತ್ತಾ ಇದು?" ಎಂದರು. "ತೆರೆಯತ್ತೆ ಸರ್" ಎಂದರು ಮಾಮ. ವಿಮಾನಗಳು ಏರಿಹೋದ ಮೇಲೆ ಗೋಡೆ ನೋಡಿದರೆ, ಕೊಕ್ಕೆಗಳು ಆರು, ಚೀಲಗಳು ಐದು.

"ಹೇಳಲಿಲ್ವಾ ಯಾರಿಗೂ?" ಟೀಚರಮ್ಮ ಕೇಳಿದರು.

"ಮೇಲಧಿಕಾರಿ ಬಾಗಿಲ ತನಕ ಹೋದೆ. ಅವರು ಫೋನಿನಲ್ಲಿ ಯಾರ ಮೇಲೋ ಕೂಗಾಡ್ತಿದ್ರು. ಕಂದಕದಲ್ಲಿ ಬಿದ್ದಿರಬಹುದು ಅಂತ ಅಲ್ಲಿ ಹುಡುಕಿದೆ. ಮೇಜಿನ ಕೆಳಗೆ ಹುಡುಕಿದೆ. ಮಧ್ಯಾಹ್ನ ಆಯ್ತು. ಕಪಾಟಿನಲ್ಲಿ ಹಳೇದೊಂದು ಚೀಲ ಇತ್ತು. ಅದನ್ನ ತಂದು ಆರನೇ ಕೊಕ್ಕೆಗೆ ಹಾಕಿಬಿಟ್ಟೆ ಟೀಚರ್. ಅಷ್ಟೇ. ಎರಡು ನಿಮಿಷದ ಕೆಲಸ."

ಮೂರು ದಿನಕ್ಕೆ ಸಾಮಾನಿನ ಲಾರಿ ಗಡಿಯಿಂದ ವಾಪಸ್ಸು ಬಂತು. ಚಾಲಕ ಇಳಿಯುತ್ತಲೇ ಸುದ್ದಿ ಹೇಳಿದ. ಸಿಳ್ಳೆ ಸಾಹೇಬರ ವಿಮಾನಕ್ಕೆ ಬೆಂಕಿ ಬಿತ್ತು, ಜಿಗಿದರು, ಹೋದರು ಪಾಪ. ಮಾಮ ಇನ್ನೇನೂ ಕೇಳಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ದಳ ಬೇರೆ ನೆಲೆಗೆ ಹೋಗಿತ್ತು. ಮಾಮನ ಸೇವಾವಧಿಯೂ ಮುಗಿದಿತ್ತು. ಇನ್ನೂ ಐದು ವರ್ಷ ಇರಬಹುದು ಎಂದರೂ ಇರದೆ ಬಂದುಬಿಟ್ಟರು.

ಟೀಚರಮ್ಮ, "ಚಾಲಕ ಹೇಳಿದ ಮಾತು ಇದ್ದ ಹಾಗೇ ಹೇಳಿ. ಒಂದಕ್ಷರ ಸೇರಿಸಬೇಡಿ, ಬಿಡಬೇಡಿ" ಎಂದರು.

"'ಸಿಳ್ಳೆ ಸಾಹೇಬ್ರ ವಿಮಾನಕ್ಕೆ ಬೆಂಕಿ ಬಿತ್ತು, ಜಿಗಿದ್ರಂತೆ. ಹೋದ್ರು, ಪಾಪ.' ಇಷ್ಟೇ."

"ಎಲ್ಲಿಗೆ ಹೋದ್ರು?"

"ಟೀಚರ್..."

"ಎಲ್ಲಿಗೆ ಅಂತ ಹೇಳದೆ ಬರೀ 'ಹೋದ್ರು' ಅಂತ ಬರೆದಿದ್ರೆ ನಾನು ಸುತ್ತು ಹಾಕಿ ಪ್ರಶ್ನೆ ಚಿಹ್ನೆ ಇಡ್ತಿದ್ದೆ. ಸತ್ತರೂ ಹೋದ್ರು ಅಂತೀವಿ, ಬಸ್ ಹತ್ತಿದ್ರೂ ಹೋದ್ರು ಅಂತೀವಿ. ಪಾಪ ಅನ್ನೋದು ಕಾಲು ಮುರಿದವರಿಗೂ ಅನ್ನೋ ಮಾತೇ. ಸತ್ತೋದ್ರು ಅಂದನಾ? ತೀರಿಕೊಂಡ್ರು ಅಂದನಾ?"

"ಇಲ್ಲ."

"ಶವ ಬಂತಾ? ಸಂತಾಪ ಸಭೆ ಆಯ್ತಾ?"

"ನಾನು ರಜಾ ಹಾಕಿದ್ದೆ. ಜ್ವರ ಬಂದಿತ್ತು. ಆಮೇಲೆ ಯಾರನ್ನೂ ಕೇಳಲಿಲ್ಲ. ಕೇಳಿ, ಅವರು ಹೌದು ಅಂದ್ರೆ..."

ಟೀಚರಮ್ಮ ಒತ್ತಾಯ ಮಾಡಲಿಲ್ಲ. ದಳದ ಸಂಖ್ಯೆ ಕೇಳಿಕೊಂಡರು, ವರ್ಷ ಕೇಳಿಕೊಂಡರು. ಹೊರಡುವಾಗ ಮಾತ್ರ ಒಂದು ಮಾತು ಹೇಳಿದರು: "ಇದನ್ನ ಮೊದಲು ನಿಮ್ಮ ಮನೆಯವರಿಗೆ ಹೇಳಬೇಕಿತ್ತು. ಇವತ್ತೇ ಹೇಳಿ."

ಹೆಂಡತಿ ಆಗ ಅಡುಗೆಮನೆಯಲ್ಲಿ ತೊಳೆದ ಪಾತ್ರೆ ಒರೆಸಿಡುತ್ತಿದ್ದರು. ಮಾಮ ಬಾಗಿಲಲ್ಲಿ ನಿಂತೇ ಎಲ್ಲ ಹೇಳಿ ಮುಗಿಸಿದರು. ಆಕೆ ಕೈಯಲ್ಲಿದ್ದ ಚಮಚಗಳನ್ನು ನೋಡಿದರು, ಗಂಡನನ್ನು ನೋಡಿದರು.

"ಮೂವತ್ತೊಂಬತ್ತು ವರ್ಷದಿಂದ ಈ ಮನೇಲಿ ಚಮಚ ಎಣಿಸ್ತಿದ್ದೀರಿ. ಸೂಜಿ ಎಣಿಸ್ತೀರಿ, ಬಟ್ಟೆಗೆ ಹಾಕೋ ಕ್ಲಿಪ್ಪು ಎಣಿಸ್ತೀರಿ. ನಾನು ಕೈಲಾಗದೋಳು, ಸಾಮಾನು ಕಳೀತೀನಿ ಅಂತ ನಿಮಗೆ ಅನುಮಾನ ಅಂದ್ಕೊಂಡಿದ್ದೆ. ಎಷ್ಟು ಸಲ ಅತ್ತಿದ್ದೀನಿ ಗೊತ್ತಾ ಅದಕ್ಕೆ?"

"ನಿನ್ನ ಮೇಲೆ ಅನುಮಾನ ಅಲ್ಲ ಕಣೇ. ನನ್ನ ಮೇಲೆ."

"ಅದನ್ನ ಬಾಯಿ ಬಿಟ್ಟು ಹೇಳೋಕೆ ಆ ಟೀಚರಮ್ಮನೇ ಬೇಕಾಯ್ತು ನಿಮಗೆ" ಎಂದು ಆಕೆ ಒರೆಸುವ ಬಟ್ಟೆಯನ್ನು ಕಲ್ಲಿನ ಮೇಲೆ ಬಿಸಾಕಿ ಹಿತ್ತಲಿಗೆ ಹೋದರು. ಎರಡು ದಿನ ಮಾತು ಬೇಕಾದಷ್ಟಕ್ಕೇ ನಡೆಯಿತು. ಮೂರನೆಯ ದಿನ ಆಕೆಯೇ ಪಕ್ಕಕ್ಕೆ ಬಂದು ಕೂತು ಆ ಸಾಹೇಬರು ನೋಡಲು ಹೇಗಿದ್ದರು ಎಂದು ಕೇಳಿದರು.

ಟೀಚರಮ್ಮ ಗ್ರಂಥಾಲಯದ ಹುಡುಗಿಗೆ ಹೇಳಿ ಹುಡುಕಿಸುತ್ತಿದ್ದದ್ದು ಒಂದೇ ಪುಸ್ತಕ. ಆ ದಳದ ಹಳಬರೆಲ್ಲ ಸೇರಿ ತಮ್ಮ ನೆನಪುಗಳನ್ನು ಅಚ್ಚು ಹಾಕಿಸಿದ್ದಾರೆ, ಪ್ರತಿಯೊಬ್ಬರದೂ ಒಂದೊಂದು ಅಧ್ಯಾಯ ಎಂದು ಎಲ್ಲೋ ಒಂದು ಪಟ್ಟಿಯಲ್ಲಿ ಅವಳಿಗೆ ಸಿಕ್ಕಿತ್ತು. ಅಂಗಡಿಗೆ ಬಂದ ಪುಸ್ತಕವಲ್ಲ, ತಮ್ಮತಮ್ಮಲ್ಲೇ ಹಂಚಿಕೊಂಡದ್ದು. ದೂರದ ಇನ್ನೊಂದು ಗ್ರಂಥಾಲಯದಲ್ಲಿ ಒಂದು ಪ್ರತಿ ಇತ್ತು. ಕಾಗದ ಪತ್ರ ಎಲ್ಲ ಆಗಿ ಅದು ಬರಲು ಏಳು ವಾರ ಹಿಡಿಯಿತು.

ಪುಸ್ತಕ ಬಂದಿದೆ ಎಂದು ತಿಳಿದ ದಿನದಿಂದ ಮಾಮ ಆ ಕಡೆ ತಲೆ ಹಾಕಲಿಲ್ಲ. ಒಂದು ಗುರುವಾರ ಮಂಡಿನೋವು ಎಂದರು. ಸೋಮವಾರ ಮಗಳ ಮನೆಯ ನಲ್ಲಿ ರಿಪೇರಿ ಎಂದರು. ಮುಂದಿನ ಗುರುವಾರ ಊಟವಾದ ಮೇಲೆ ಸುಮ್ಮನೆ ಗೋಡೆಗೆ ಒರಗಿ ಕೂತಿದ್ದಾಗ ಹೆಂಡತಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು.

"ಏಳಿ. ನಾನೂ ಬರ್ತೀನಿ."

"ಕೆಟ್ಟದ್ದೇ ಇದ್ರೆ?"

"ಕೆಟ್ಟದ್ದಂತೂ ಈಗಾಗಲೇ ನಿಮ್ಮ ತಲೇಲಿದೆ. ಅದಕ್ಕಿಂತ ಕೆಟ್ಟದ್ದು ಅದರಲ್ಲಿ ಏನು ತಾನೆ ಇರತ್ತೆ? ಏಳಿ."

ಟೀಚರಮ್ಮನ ಮೇಜಿನ ಮೇಲೆ ನೀಲಿ ರಟ್ಟಿನ ಪುಸ್ತಕ ಇತ್ತು. ಮಾಮ ಅದನ್ನು ಕೈಗೆತ್ತಿಕೊಂಡರು, ತೆರೆದರು, ಅಕ್ಷರಗಳೆಲ್ಲ ನೀರಲ್ಲಿ ಬಿದ್ದ ಹಾಗೆ ಕಂಡವು. ಕನ್ನಡಕ ಒರೆಸಿಕೊಂಡರು, ಪ್ರಯೋಜನವಾಗಲಿಲ್ಲ. ಹೆಂಡತಿ ಪುಸ್ತಕ ತೆಗೆದುಕೊಂಡರು. ಜೀವಮಾನದಲ್ಲಿ ವಿಮಾನದ ಪುಸ್ತಕ ಮುಟ್ಟದ ಆಕೆ ಪರಿವಿಡಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಯಾವುದೂ ಮಾಮನಿಗೆ ಗುರುತಾಗಲಿಲ್ಲ. ಅಧಿಕಾರಿಗಳ ನಿಜವಾದ ಹೆಸರು ಪ್ಯಾರಾಚೂಟ್ ಕೋಣೆಯವರಿಗೆ ಯಾವತ್ತೂ ಸರಿಯಾಗಿ ಗೊತ್ತಿರಲಿಲ್ಲ. ಆಗ ಟೀಚರಮ್ಮ, "ಪ್ರತಿ ಅಧ್ಯಾಯದ ಮೊದಲ ಸಾಲು ಓದಿ" ಎಂದರು.

ಮೊದಲನೆಯದರಲ್ಲಿ ಹವಾಮಾನ. ಎರಡನೆಯದರಲ್ಲಿ ಹೊಗಳಿಕೆ. ಮೂರು, ನಾಲ್ಕು, ಐದು. ಒಂಬತ್ತನೆಯ ಅಧ್ಯಾಯ ತೆರೆದು ಹೆಂಡತಿ ಓದಿದರು: "'ದಳದಲ್ಲಿ ನನ್ನನ್ನು ಎಲ್ಲರೂ ಕರೆಯುತ್ತಿದ್ದದ್ದು ಸಿಳ್ಳೆ ಎಂದು. ನಾನು ಸಿಳ್ಳೆ ಹಾಕುತ್ತಿದ್ದದ್ದು ಖುಷಿಗಲ್ಲ, ಭಯಕ್ಕೆ ಎಂಬುದನ್ನು ಇಲ್ಲಿ ಮೊದಲ ಬಾರಿಗೆ ಹೇಳುತ್ತಿದ್ದೇನೆ.'"

ಮಾಮ ಎದ್ದು ನಿಂತರು. ಯಾಕೆ ಎದ್ದರೋ ಅವರಿಗೇ ಗೊತ್ತಾಗಲಿಲ್ಲ. ಬಾಯಿಂದ ಬಂದದ್ದು ಒಂದೇ ಮಾತು. "ಬರೆದಿದ್ದಾರೆ."

"ಬರೆಯೋಕೆ ಬದುಕಿರಬೇಕಲ್ಲ" ಎಂದರು ಟೀಚರಮ್ಮ. "ಕೂತ್ಕೊಳ್ಳಿ. ಮುಂದೆ ಓದಿಮ್ಮಾ. ಒಂದು ಪುಟಾನೂ ಹಾರಿಸಬೇಡಿ."

ಅಧ್ಯಾಯ ಇಪ್ಪತ್ತೆರಡು ಪುಟ. 'ಕಾಕ್‌ಪಿಟ್' ಎಂಬಲ್ಲಿ ಹೆಂಡತಿ ಪ್ರತಿ ಸಲ ಎಡವಿದರು, ದೂರದ ಲೆಕ್ಕ, ಎತ್ತರದ ಲೆಕ್ಕ ಬಂದಲ್ಲಿ ಉಸಿರು ಎಳೆದುಕೊಂಡರು, ಆದರೆ ನಿಲ್ಲಲಿಲ್ಲ. ಹದಿನಾಲ್ಕನೆಯ ಪುಟದಲ್ಲಿ ಅದು ಬಂತು.

"'ಎಡ ರೆಕ್ಕೆಯ ಬೆಂಕಿ ಗಾಜಿನ ತನಕ ಬಂದಾಗ ನಾನು ಮಾಡಬಹುದಾದ್ದು ಇನ್ನೇನೂ ಉಳಿದಿರಲಿಲ್ಲ. ಮುಚ್ಚಳ ಸರಿಸಿ ಹೊರಗೆ ಬಿದ್ದೆ. ಮೂರು ಎಣಿಸಿ ಹಿಡಿ ಎಳೆದೆ. ಯಾರೋ ಹೆಗಲು ಹಿಡಿದು ಮೇಲಕ್ಕೆತ್ತಿದ ಹಾಗಾಯಿತು. ಅದೇ ಹೊತ್ತಿಗೆ ನನ್ನ ಹೆಲ್ಮೆಟ್ಟಿನ ಮೇಲೆ ಠಕ್ ಎಂದು ಒಂದು ಪೆಟ್ಟು ಬಿತ್ತು. ಬಾಗಿಲು ತಟ್ಟಿದ ಹಾಗೆ. ಅದು ಏನು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ತಲೆಯೆತ್ತಿ ನೋಡಿದರೆ ಪ್ಯಾರಾಚೂಟ್ ಒಂದು ಸುಕ್ಕೂ ಇಲ್ಲದೆ ತುಂಬಿಕೊಂಡು ನಿಂತಿತ್ತು.'"

ಹೆಂಡತಿ ಓದುವುದನ್ನು ನಿಲ್ಲಿಸಿ ತಲೆಯೆತ್ತಿದರು. ಆ ಪೆಟ್ಟು ಯಾವುದು ಎಂದು ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಆ ಪುಸ್ತಕ ಓದಿದ ಬೇರೆ ಯಾರಿಗೂ, ಬರೆದವರಿಗೂ, ಅದು ಗೊತ್ತಿರಲಿಲ್ಲ. ಮಾಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕೂತರು. ಮೊದಲು ಹೆಗಲು ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡು ಹೆಂಡತಿ ಪುಸ್ತಕ ಕೆಳಗಿಟ್ಟರು. ಕೈ ತೆಗೆದಾಗ ನೋಡಿದರೆ ಅಳುವೂ ಇತ್ತು, ನಗುವೂ ಇತ್ತು, ಯಾವುದು ಯಾವುದನ್ನು ತಳ್ಳುತ್ತಿದೆ ಎಂದು ಹೇಳುವ ಹಾಗಿರಲಿಲ್ಲ.

"ತಲೆ ಮೇಲೇ ಬಿತ್ತಲ್ಲೇ" ಎಂದರು. "ನೆಟ್ಟಗೆ ತಲೆ ಮೇಲೇ."

ಉಳಿದ ಪುಟಗಳಲ್ಲಿ ಚಾಲಕನ ಮಾತಿಗೂ ಅರ್ಥ ಸಿಕ್ಕಿತು. ಸಿಳ್ಳೆ ಸಾಹೇಬರು ಬಿದ್ದದ್ದು ಕಲ್ಲುಗುಡ್ಡದ ಇಳಿಜಾರಿನಲ್ಲಿ. ಎರಡೂ ಕಾಲು ಮುರಿದಿದ್ದವು. ಮರುದಿನವೇ ಅವರನ್ನು ದೂರದ ಆಸ್ಪತ್ರೆಗೆ ಸಾಗಿಸಿದ್ದರು. ಆ ಮೇಲೆ ಅವರು ದಳಕ್ಕೆ ವಾಪಸ್ಸು ಬರಲಿಲ್ಲ, ವಿಮಾನ ಹಾರಿಸಲೂ ಇಲ್ಲ. ಅರಣ್ಯ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಹೋದರು ಎಂದರೆ ನಿಜವಾಗಿಯೂ ಹೋಗಿದ್ದರು.

ಆ ದಿನ ಮನೆಗೆ ಬಂದು ಮಾಮ ಮಧ್ಯಾಹ್ನದ ಬಿಸಿಲಲ್ಲೇ ಚಾಪೆ ಹಾಸಿ ಮಲಗಿದರು. ಸಂಜೆಯ ತನಕ ಅಲುಗಾಡದೆ ನಿದ್ದೆ ಹೋದರು. ಹೆಂಡತಿ ಎರಡು ಸಲ ಬಂದು ಮೂಗಿನ ಹತ್ತಿರ ಕೈಯಿಟ್ಟು ನೋಡಿ ಹೋದರು.

ವಿಷಯ ಇಲ್ಲಿಗೇ ಮುಗಿಸಬಹುದಿತ್ತು. ತಪ್ಪು ಯಾರಿಗೂ ಗೊತ್ತಿಲ್ಲ, ಯಾರಿಗೂ ಏನೂ ಆಗಿಲ್ಲ. ಆದರೆ ಆರನೆಯ ಕೊಕ್ಕೆಗೆ ಹಾಕಿದ ಆ ಹಳೆಯ ಚೀಲ ಮಾಮನನ್ನು ಸುಮ್ಮನಿರಗೊಡಲಿಲ್ಲ. ಸಾಹೇಬರು ಬದುಕಿದ್ದಾರೆ ಅಂದರೆ ಹೇಳಬೇಕಾದವರೂ ಬದುಕಿದ್ದಾರೆ ಎಂದಾಯಿತಲ್ಲ. ಗ್ರಂಥಾಲಯದ ಹುಡುಗಿ ಪುಸ್ತಕ ಅಚ್ಚು ಹಾಕಿಸಿದವರ ಮೂಲಕ ವಿಳಾಸ ತರಿಸಿಕೊಟ್ಟಳು. ಮಾಮ ಆರು ಸಲ ಕಾಗದ ಬರೆದು ಹರಿದರು. ಏಳನೆಯದನ್ನು ಟೀಚರಮ್ಮನಿಗೆ ಓದಿ ಹೇಳಿದರು. ಅವರು ಎರಡು ಕಡೆ 'ದಯವಿಟ್ಟು' ತೆಗೆಸಿದರು, 'ಕ್ಷಮಿಸಿ' ಎಂಬುದು ಒಂದು ಸಲ ಇದ್ದರೆ ಸಾಕು ಎಂದರು. ಕೆಳಗೆ ಮಗಳ ಫೋನ್ ನಂಬರ್ ಹಾಕಲು ಹೊರಟಿದ್ದ ಮಾಮ, ಹೆಂಡತಿ ಕಣ್ಣು ಬಿಟ್ಟದ್ದನ್ನು ನೋಡಿ ಮನೆಯದೇ ಹಾಕಿದರು.

ಹನ್ನೊಂದನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಫೋನ್ ಬಂತು.

"ಛತ್ರಿ ಇದ್ದಾನಾ?" ಎಂದಿತು ಒಂದು ಮುದಿ ದನಿ.

ಮಾಮ ನೆಟ್ಟಗೆ ನಿಂತರು. "ಹೇಳಿ ಸರ್. ನಾನೇ."

"ತೆರೀತಪ್ಪಾ ಅದು."

ಮಾಮ ರಿಸೀವರನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಆಮೇಲೆ ಸಾಹೇಬರು ಹೇಳಿದರು: "ಕಾಗದ ಬಂದು ಮೂರು ದಿನ ಆಯ್ತು. ಮೊದಲ ದಿನ ಕೋಪ ಬಂತು, ಸುಳ್ಳು ಹೇಳಲ್ಲ. ಅವತ್ತು ಫೋನ್ ಮಾಡಿದ್ರೆ ಬೈದುಬಿಡ್ತಿದ್ದೆ, ಅದಕ್ಕೆ ಮಾಡಲಿಲ್ಲ. ಎರಡನೇ ದಿನ ನಗು ಬಂತು. ಈ ಠಕ್ ಅಂದಿದ್ದನ್ನ ನಾನು ಎಷ್ಟು ಜನಕ್ಕೆ ಹೇಳಿದ್ದೀನಿ ಗೊತ್ತಾ? ಡಾಕ್ಟರು, ರಕ್ತ ಹೋಗಿತ್ತು, ಭ್ರಮೆ ಅಂದ್ರು. ವಿಚಾರಣೆಯೋರು ಅದನ್ನ ಬರ್ಕೊಳ್ಳಲೇ ಇಲ್ಲ. ನನ್ನ ಹೆಂಡತಿ ಅಂತೂ ಮದುವೆ ಆದಾಗಿಂದ, ಆ ಪೆಟ್ಟು ಬಿದ್ದಾಗಲೇ ನಿಮಗೆ ತಲೆ ಸ್ವಲ್ಪ ಕೆಟ್ಟಿದ್ದು ಅಂತ ಆಡ್ಕೊಂಡು ನಗ್ತಾಳೆ. ಒಂದು ನಿಮಿಷ ಇರಿ, ಅವಳ ಕೈಗೆ ಕೊಡ್ತೀನಿ. ನಿಮ್ಮ ಬಾಯಲ್ಲೇ ಹೇಳಿ, ಅದು ಭ್ರಮೆ ಅಲ್ಲ ಅಂತ."

ಮಾಮ ಕಂಡಿರದ, ಹೆಸರೂ ಗೊತ್ತಿಲ್ಲದ ಒಬ್ಬ ಹೆಂಗಸಿಗೆ ಸೀಸದ ಚೀಲ ಎಂದರೇನು, ಎಷ್ಟು ತೂಕ, ಅದು ಹೇಗೆ ಒಳಗೆ ಉಳಿಯಿತು ಎಂದು ವಿವರಿಸಿದರು. ಆಕೆ ಎಲ್ಲ ಕೇಳಿ, "ಅಯ್ಯೋ, ಹಾಗಾದ್ರೆ ಇವರು ಹೇಳಿದ್ದು ನಿಜಾನೇ. ಇನ್ನು ಇವರ ಹಾರಾಟ ತಡೆಯೋಕಾಗಲ್ಲ" ಎಂದರು. ಇತ್ತ ಮಾಮನ ಹೆಂಡತಿ ರಿಸೀವರಿಗೆ ಕಿವಿ ತಾಗಿಸಿ ನಿಂತಿದ್ದವರು ನಕ್ಕುಬಿಟ್ಟರು. ಆ ನಗು ಆ ಕಡೆಗೂ ಕೇಳಿಸಿತು. ಗಂಡಸರಿಬ್ಬರೂ ಪಕ್ಕಕ್ಕೆ ಸರಿದರು, ಹೆಂಗಸರಿಬ್ಬರು ಮುಕ್ಕಾಲು ಗಂಟೆ ಮಾತಾಡಿದರು.

ಮರುವಾರದಿಂದ ಟೀಚರಮ್ಮನ ಕೋಣೆಯಲ್ಲಿ ಹೊಸ ಓದು ಶುರುವಾಯಿತು. ಅರವತ್ತೆಂಟು ಪುಸ್ತಕಗಳಲ್ಲಿ ಮಾಮ ಹಾರಿಸಿದ್ದ ಪುಟಗಳೆಲ್ಲ ಒಂದೊಂದಾಗಿ ಹೊರಬಂದವು. ಮರದ ಕೊಂಬೆಗೆ ಸಿಕ್ಕಿಕೊಂಡು ಬೆಳಗಿನ ತನಕ ನೇತಾಡಿದವನು, ನೇರ ಒಂದು ಶಾಲೆಯ ಅಂಗಳಕ್ಕೆ ಇಳಿದವನು, ಇಳಿಯುತ್ತ ಇಳಿಯುತ್ತ ಜೇಬಿನ ಬಿಸ್ಕತ್ತು ತಿಂದವಳು. ತಾವೇ ಕೊಂಡು ಮನೆಯಲ್ಲಿಟ್ಟುಕೊಂಡ ಪುಸ್ತಕಗಳಲ್ಲಿ ಇಷ್ಟೆಲ್ಲ ಇತ್ತು ಎಂದು ಮಾಮನಿಗೇ ಸೋಜಿಗ. ಪ್ಯಾರಾಚೂಟ್ ತೆರೆಯದೆ ಹೋದವರ ಪುಟಗಳೂ ಎರಡು ಮೂರು ಬಂದವು. ಅವನ್ನೂ ಬಿಡದೆ ಓದಿದರು, ದನಿ ತಗ್ಗಿಸಿ.

ಸಾಹೇಬರಿಗೆ ಕಾಲಿನ ದೆಸೆಯಿಂದ ದೂರದ ಪ್ರಯಾಣ ಆಗುತ್ತಿರಲಿಲ್ಲ. ಹಾಗಾಗಿ ಮಾಮನೂ ಹೆಂಡತಿಯೂ ಹೊರಟರು. ಬಸ್ಸಿನಲ್ಲಿ ಐದು ಗಂಟೆಯ ದಾರಿ. ಸಾಹೇಬರು ಕೋಲೂರಿಕೊಂಡು ಗೇಟಿನ ಹತ್ತಿರ ನಿಂತಿದ್ದರು. ತಲೆ ಪೂರ್ತಿ ಬೋಳಾಗಿತ್ತು. ಮಾಮ ಕೈ ಮುಗಿಯಬೇಕೋ ಸೆಲ್ಯೂಟ್ ಹೊಡೆಯಬೇಕೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದರು. ಸಾಹೇಬರು ಅವರ ಕೈ ಹಿಡಿದು, ಬೆರಳುಗಳನ್ನು ತಿರುಗಿಸಿ ನೋಡಿದರು, ಒಳಗೆ ಕರೆದುಕೊಂಡು ಹೋದರು.

ಊಟವಾದ ಮೇಲೆ ಹಜಾರದಲ್ಲಿ ಕೂತಾಗ ಸಾಹೇಬರು ಕೇಳಿದರು: "ನೀವು ಈ ಥರದ ಪುಸ್ತಕ ತುಂಬಾ ಓದಿದ್ದೀರಂತಲ್ಲ. ನನ್ನ ಅಧ್ಯಾಯ ಹೇಗಿತ್ತು, ನಿಜ ಹೇಳಿ."

ಮಾಮ ಹೆಂಡತಿಯ ಕಡೆ ನೋಡಿದರು. ಆಕೆ ಬೇಡ ಎಂದು ಹುಬ್ಬಿನಲ್ಲೇ ಸನ್ನೆ ಮಾಡಿದರು. ಆದರೆ ಪುಸ್ತಕದ ವಿಷಯದಲ್ಲಿ ಮಾಮನಿಗೆ ದಾಕ್ಷಿಣ್ಯ ಇರಲಿಲ್ಲ.

"ಮೊದಲ ಸಾಲು ಚೆನ್ನಾಗಿದೆ ಸರ್. ಆಮೇಲೆ ನಾಲ್ಕು ಪುಟ ಅನಗತ್ಯ. ನಿಮ್ಮ ದಳದ ಹಳೇ ಸಾಧನೆ ಎಲ್ಲ ಯಾಕೆ? ಅದು ಬೇರೆಯವರೂ ಬರೆದಿದ್ದಾರೆ. ಜಿಗಿದ ಜಾಗದಿಂದ ಮುಂದಕ್ಕೆ ಒಳ್ಳೆ ಓಟ ಇದೆ. ಆಸ್ಪತ್ರೆಯದ್ದು ಇನ್ನೂ ಬೇಕಿತ್ತು. ಭಯದ ವಿಷಯ ಒಂದೇ ಸಾಲಲ್ಲಿ ಬಿಟ್ಟುಬಿಟ್ರಿ."

ಸಾಹೇಬರು ಕೋಲೂರಿ ಎದ್ದು ಒಳಗೆ ಹೋಗಿ ದಾರ ಕಟ್ಟಿದ ಹಾಳೆಗಳ ಕಟ್ಟೊಂದನ್ನು ತಂದು ಮಾಮನ ತೊಡೆಯ ಮೇಲಿಟ್ಟರು. ಕೈಬರಹದ ಇನ್ನೂರು ಪುಟ. ಆರು ವರ್ಷದಿಂದ ಬರೆಯುತ್ತಿದ್ದದ್ದು, ಹೆಂಡತಿಗೂ ತೋರಿಸಿರಲಿಲ್ಲ.

"ಇದು ಪೂರ್ತಿ ಭಯದ್ದೇ" ಎಂದರು. "ಒಯ್ದು ಓದಿ. ಬೇಡ ಅನಿಸಿದ್ದಕ್ಕೆ ಗೆರೆ ಎಳೀರಿ. ಮುಲಾಜು ನೋಡಬೇಡಿ."

ಸಂಜೆಯ ಬಸ್ಸಿಗೆ ಸಾಹೇಬರ ಹೆಂಡತಿಯೇ ನಿಲ್ದಾಣದ ತನಕ ಬಂದು ಹತ್ತಿಸಿದರು. ಬಸ್ಸು ಊರು ದಾಟುವ ಮುಂಚೆಯೇ ಮಾಮ ದಾರ ಬಿಚ್ಚಿದರು. ಬರಹ ದುಂಡಗಿತ್ತು, ನಕ್ಷೆ ಬರೆಯುವವರ ಬರಹ. ಕಿಟಕಿಯ ಬೆಳಕು ಇನ್ನೂ ಒಂದು ಗಂಟೆ ಸಾಲುವ ಹಾಗಿತ್ತು. ಹೆಂಡತಿ ಅವರ ಭುಜಕ್ಕೆ ತಲೆ ಕೊಟ್ಟು ಕಣ್ಣು ಮುಚ್ಚಿದರು. "ಬಸ್ಸಲ್ಲಿ ಓದಿದ್ರೆ ತಲೆನೋವು ಬರತ್ತೆ ರೀ" ಎಂದರು.

"ಒಂದೇ ಪುಟ" ಎಂದು ಮಾಮ ಅಂಗಿಯ ಜೇಬಿನಿಂದ ಪೆನ್ಸಿಲ್ ತೆಗೆದರು.